ಬಣ್ಣ ಕೊನೆಗೆ: ಮೊದಲ ಫರ್ಸೋನಾ ರೂಪಿಸುವವರಿಗೆ ಸಮಗ್ರ ಮಾರ್ಗದರ್ಶಿ

ಫರ್ಸೋನಾ ಎಂದರೆ ಮನುಷ್ಯನ ಹಾವಭಾವವಿರುವ ಪ್ರಾಣಿರೂಪದ ಪಾತ್ರ. ‘ಫರ್ರಿ’ ಎಂಬ ಹವ್ಯಾಸಿಗಳ ಸಮುದಾಯದಲ್ಲಿ ಹಲವರು ಇಂಥದೊಂದನ್ನು ತಮ್ಮ ಗುರುತಾಗಿ ರೂಪಿಸಿಕೊಳ್ಳುತ್ತಾರೆ. ಮೊದಲ ಫರ್ಸೋನಾ ಹೆಚ್ಚಾಗಿ ಕೆಡುವುದು ಕೆಲಸದ ಕ್ರಮದಲ್ಲಿ. ಆ್ಯಪ್ ತೆರೆದ ಕೂಡಲೇ ಬಣ್ಣ ಆರಿಸುತ್ತಾರೆ, ಅದರ ಮೇಲೆ ಕೊಂಬು, ರೆಕ್ಕೆ, ಹೆಡ್‌ಫೋನ್ ಏರಿಸುತ್ತಾರೆ. ಇದು ಯಾವ ಪ್ರಾಣಿ ಎಂಬ ಪ್ರಶ್ನೆ ಬರುವುದು ಇಷ್ಟೆಲ್ಲ ಆದ ಮೇಲೆ. ಅಂಥ ಪಾತ್ರವನ್ನು ಎರಡನೇ ಸಲ ಬಿಡಿಸಲು ಕುಳಿತರೆ ಮೊದಲಿನ ಹಾಗೆ ಬರುವುದಿಲ್ಲ. ಬೇರೆಯವರ ಕೈಲಿ ಬಿಡಿಸಿದರೆ ಪ್ರತಿ ಚಿತ್ರದಲ್ಲೂ ಪಟ್ಟೆಯ ಜಾಗ ಬೇರೆ, ಬಾಲದ ಗಾತ್ರ ಬೇರೆ. ಬೇಸರ ಹತ್ತಿ ಹೊಸ ಪಾತ್ರ ಶುರುಮಾಡಿದರೆ ಅದರಲ್ಲೂ ಅದೇ ತಪ್ಪು.

ಇಲ್ಲಿ ಅನುಸರಿಸುವ ಕ್ರಮ ಹೀಗಿದೆ: ಉದ್ದೇಶ, ಪ್ರಾಣಿ, ಮೈಕಟ್ಟು, ಮಾರ್ಕಿಂಗ್ (ಮೈಮೇಲಿನ ಪಟ್ಟೆ, ಚುಕ್ಕೆಗಳು), ಬಣ್ಣ, ಹೆಸರು, ಕೊನೆಗೆ ರೆಫರೆನ್ಸ್ ಶೀಟ್ (ಪಾತ್ರದ ಎಲ್ಲ ವಿವರವೂ ಇರುವ ಮಾದರಿ ಹಾಳೆ). ಉದಾಹರಣೆಗೆ ಒಂದೇ ಪ್ರಾಣಿಯನ್ನು ಕೊನೆಯವರೆಗೂ ಹಿಡಿದುಕೊಂಡಿದ್ದೇವೆ. ಅದು ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿರುವ ಸೀಳುನಾಯಿ. ನಿಮ್ಮದು ಬೆಕ್ಕಾಗಲಿ, ಡ್ರ್ಯಾಗನ್ ಆಗಲಿ, ಕ್ರಮ ಬದಲಾಗುವುದಿಲ್ಲ.

## ಕೈಯಲ್ಲಿ ಏನಿರಬೇಕು

ಎಚ್‌ಬಿ ಪೆನ್ಸಿಲ್, ರಬ್ಬರ್, ಹತ್ತು ಹದಿನೈದು ಎ4 ಹಾಳೆ, ಒಂದು ಸ್ಕೇಲ್. ಮಾರ್ಕಿಂಗ್ ಹಂತಕ್ಕೆ ಎರಡು ಮೂರು ಬಟರ್ ಪೇಪರ್ ಇದ್ದರೆ ಅನುಕೂಲ. ಒಂದೇ ಮೈಕಟ್ಟಿನ ಮೇಲೆ ಹಲವು ಪಟ್ಟೆಗಳನ್ನು ಇಟ್ಟು ನೋಡಬಹುದು, ಪ್ರತಿ ಸಲವೂ ಮೈ ಬಿಡಿಸುವ ಕೆಲಸ ತಪ್ಪುತ್ತದೆ.

ಬಣ್ಣದ ಹಂತಕ್ಕೆ ಮೊಬೈಲಿನಲ್ಲಿ ಐಬಿಸ್ ಪೇಂಟ್, ಕಂಪ್ಯೂಟರಿನಲ್ಲಿ ಕ್ರಿಟಾ ಸಾಕು. ಕ್ರಿಟಾ ಪೂರ್ತಿ ಉಚಿತ. ಐಬಿಸ್ ಪೇಂಟ್‌ನ ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ, ಕೆಲಸಕ್ಕೆ ಅಡ್ಡಿಯಿಲ್ಲ. ಪೆನ್ ಟ್ಯಾಬ್ಲೆಟ್ ಈಗಲೇ ಕೊಳ್ಳಬೇಡಿ. ಈ ಕೆಲಸದಲ್ಲಿ ಚಂದದ ಗೆರೆಗಿಂತ ನಿರ್ಧಾರಗಳೇ ಹೆಚ್ಚು, ನಿರ್ಧಾರಕ್ಕೆ ಪೆನ್ಸಿಲ್ ಸಾಕು.

ಚಿತ್ರ ಬಿಡಿಸಲು ಬರುವುದೇ ಇಲ್ಲ ಎನ್ನುವವರಿಗೆ ‘ಬೇಸ್’ ಇದೆ. ಕಲಾವಿದರು ಬಣ್ಣವಿಲ್ಲದೆ ಬಿಡಿಸಿಟ್ಟ ಗೆರೆಚಿತ್ರ ಇದು. ಉಚಿತವಾಗಿಯೂ ಸಿಗುತ್ತದೆ, ದುಡ್ಡಿಗೂ ಸಿಗುತ್ತದೆ. ಬಳಸುವ ಮುನ್ನ ಜೊತೆಗಿರುವ ಷರತ್ತು ಓದಿ. ಬಹುತೇಕ ಬೇಸ್‌ಗಳಲ್ಲಿ ಮೂಲ ಕಲಾವಿದರ ಹೆಸರು ಹಾಕಬೇಕು. ಕೆಲವನ್ನು ತಿದ್ದಬಾರದು, ಕೆಲವನ್ನು ಮಾರಬಾರದು. ಯಾರದೋ ಮುಗಿದ ಚಿತ್ರದ ಮೇಲೆ ಗೆರೆ ಎಳೆದು ‘ಬೇಸ್’ ಎಂದು ಕರೆಯುವುದು ಕಳ್ಳತನ. ಈ ಸಮುದಾಯದಲ್ಲಿ ಅದು ಬೇಗ ಸಿಕ್ಕಿಬೀಳುತ್ತದೆ. ಎಐನಿಂದ ತೆಗೆಸಿದ ಚಿತ್ರಕ್ಕೂ ಇಲ್ಲಿ ಹೆಚ್ಚಿನ ಕಡೆ ಬಾಗಿಲು ಮುಚ್ಚಿದೆ. ಫರ್ ಅಫಿನಿಟಿಯಂಥ ದೊಡ್ಡ ತಾಣ ಅದನ್ನು ನಿಷೇಧಿಸಿದೆ. ಅದಿರಲಿ, ಎಐ ಚಿತ್ರದಲ್ಲಿ ಮುಂದಿನ ಪಟ್ಟೆಗೂ ಹಿಂದಿನ ಪಟ್ಟೆಗೂ ತಾಳೆಯಿರುವುದಿಲ್ಲ, ಆದ್ದರಿಂದ ರೆಫರೆನ್ಸ್ ಆಗಿಯೂ ಅದು ನಿಷ್ಪ್ರಯೋಜಕ.

## ಹಂತ 1: ಇದು ಯಾತಕ್ಕೆ ಎಂದು ಬರೆದಿಡಿ

ಬರೀ ಪ್ರೊಫೈಲ್ ಚಿತ್ರಕ್ಕೋ, ಕಥೆ ಕಟ್ಟುವುದಕ್ಕೋ, ಬೇರೆಯವರಿಂದ ಚಿತ್ರ ಬಿಡಿಸಿಕೊಳ್ಳುವುದಕ್ಕೋ, ಮುಂದೊಂದು ದಿನ ಪಾತ್ರದ ವೇಷವಾಗಿ ಮೈಗೆ ತೊಡುವ ಫರ್‌ಸೂಟ್ ಹೊಲಿಸುವುದಕ್ಕೋ? ಒಂದು ಸಾಲಿನಲ್ಲಿ ಬರೆಯಿರಿ.

ಈ ಸಾಲು ಮುಂದಿನ ಎಷ್ಟೋ ಜಗಳಗಳನ್ನು ತೀರಿಸುತ್ತದೆ. ಪ್ರೊಫೈಲ್ ಚಿತ್ರವೇ ಗುರಿಯಾದರೆ ತಲೆಗೆ ಶ್ರಮ ಹಾಕಿ, ಕಾಲಿನ ಪಟ್ಟೆ ಯಾರಿಗೂ ಕಾಣುವುದಿಲ್ಲ. ಫರ್‌ಸೂಟ್ ಮನಸ್ಸಿನಲ್ಲಿದ್ದರೆ ಪ್ರತಿ ಪಟ್ಟೆಯೂ ಬೇರೆ ಬಣ್ಣದ ಕೃತಕ ತುಪ್ಪಳದ ತುಂಡನ್ನು ಕತ್ತರಿಸಿ ಹೊಲಿಯುವ ಕೆಲಸ ಎಂಬುದು ನೆನಪಿರಲಿ. ಬೆರಳಗಲಕ್ಕಿಂತ ಸಣ್ಣ ಪಟ್ಟೆ ಉದ್ದ ಕೂದಲಿನ ಬಟ್ಟೆಯಲ್ಲಿ ಮುಚ್ಚಿಹೋಗುತ್ತದೆ, ಒಂದು ಬಣ್ಣ ಇನ್ನೊಂದಕ್ಕೆ ಮೆಲ್ಲಗೆ ಕರಗುವ ಗ್ರೇಡಿಯಂಟ್‌ಗೆ ಏರ್‌ಬ್ರಷ್ ಬೇಕಾಗುತ್ತದೆ. ಎರಡೂ ಬೆಲೆ ಏರಿಸುತ್ತವೆ.

## ಹಂತ 2: ಪ್ರಾಣಿ ಆರಿಸುವುದು

ಮೂರು ಪ್ರಾಣಿಗಳ ಪಟ್ಟಿ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಒಂದೊಂದರ ಮುಂದೆ ಎರಡು ವಿಷಯ ಬರೆಯಿರಿ: ಅದರ ರೂಪದಲ್ಲಿ ನಿಮಗೆ ಹಿಡಿಸಿದ್ದು ಏನು, ಅದರ ನಡವಳಿಕೆಯಲ್ಲಿ ನಿಮ್ಮದೆನ್ನಿಸುವುದು ಏನು. ಎರಡನೆಯದಕ್ಕೆ ಉತ್ತರ ಸಿಗದ ಪ್ರಾಣಿಯನ್ನು ಹೊಡೆದುಹಾಕಿ. ‘ನೋಡಲು ಕೂಲ್ ಆಗಿದೆ’ ಎಂದು ಆರಿಸಿದ ಪ್ರಾಣಿಯೇ ಮುಂದೆ ಬೇಗ ಬೇಸರ ತರಿಸುವುದು.

ತೋಳ, ನರಿ, ಬೆಕ್ಕು, ಡ್ರ್ಯಾಗನ್ ಎಲ್ಲರೂ ಆರಿಸುವಂಥವು. ಅದರಲ್ಲಿ ತಪ್ಪಿಲ್ಲ, ಆದರೆ ನಿಮ್ಮ ತೋಳ ಗುಂಪಿನಲ್ಲಿ ಎದ್ದು ಕಾಣಲು ಮಾರ್ಕಿಂಗ್ ಹಂತದಲ್ಲಿ ಹೆಚ್ಚು ದುಡಿಯಬೇಕು. ಕಡಿಮೆ ಜನ ಮುಟ್ಟಿದ ಪ್ರಾಣಿ ಹಿಡಿದರೆ ಆ ಕೆಲಸದ ಅರ್ಧವನ್ನು ಪ್ರಕೃತಿಯೇ ಮಾಡಿಕೊಟ್ಟಿರುತ್ತದೆ. ನಮ್ಮ ಕಡೆಯ ಪ್ರಾಣಿಗಳನ್ನೇ ನೋಡಿ. ಎದೆಯ ಮೇಲೆ ಬಿಳಿ ಕವಲಿನ ಗುರುತಿರುವ ಕರಡಿ, ಮುಖದ ಸುತ್ತ ಬೂದು ಕೇಸರವಿರುವ ಸಿಂಗಳೀಕ, ಕೆಂಗಂದು–ಕಪ್ಪು–ಕೆನೆ ಬಣ್ಣದ ಕೆಂದಳಿಲು, ಮೈತುಂಬ ಚಿಪ್ಪಿನ ಚಿಪ್ಪುಹಂದಿ, ಬಿಳಿ ಕಾಲುಚೀಲ ತೊಟ್ಟಂತೆ ಕಾಣುವ ಕಾಟಿ. ಕಲಾವಿದರ ಕಣ್ಣಿಗೆ ಇವೆಲ್ಲ ಸಿದ್ಧ ವಿನ್ಯಾಸಗಳೇ.

ಎರಡು ಪ್ರಾಣಿಗಳ ಬೆರಕೆ ಬೇಕೆಂದರೆ ಎರಡಕ್ಕೇ ನಿಲ್ಲಿಸಿ, ಯಾವುದರಿಂದ ಏನು ಎಂದು ಸ್ಪಷ್ಟವಾಗಿ ಹಂಚಿ: ತಲೆ ಮತ್ತು ಬಾಲ ಒಂದರದು, ಮೈಮೇಲಿನ ಚಿತ್ತಾರ ಇನ್ನೊಂದರದು. ಎಲ್ಲ ಅಂಗಗಳಲ್ಲೂ ಅರ್ಧರ್ಧ ಬೆರೆಸಿದರೆ ನೋಡುವವರಿಗೆ ಎರಡೂ ಗುರುತು ಸಿಗುವುದಿಲ್ಲ. ಮೂರನೆಯ ಪ್ರಾಣಿ ಸೇರಿದರೆ ಪ್ರತಿಯೊಬ್ಬರೂ ‘ಇದು ಏನು?’ ಎಂದೇ ಮಾತು ಶುರುಮಾಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಕಾಣುವ ಕೆಲವು ಕಲ್ಪಿತ ಪ್ರಾಣಿಗಳು ‘ಕ್ಲೋಸ್ಡ್ ಸ್ಪೀಷೀಸ್’. ಅವನ್ನು ಸೃಷ್ಟಿಸಿದವರ ಅನುಮತಿಯಿಲ್ಲದೆ, ಹಲವು ಸಲ ದುಡ್ಡು ಕೊಡದೆ, ಹೊಸ ಪಾತ್ರ ಮಾಡುವಂತಿಲ್ಲ. ಮುಖಕ್ಕೆ ಗಾಜಿನ ಪರದೆಯಿರುವ ಪ್ರೊಟೊಜೆನ್‌ನ ಸಾಮಾನ್ಯ ರೂಪವನ್ನು ಯಾರು ಬೇಕಾದರೂ ಮಾಡಬಹುದು, ಆದರೆ ಅದರ ಬಂಧುವಾದ ಪ್ರೈಮಾಜೆನ್ ಹಾಗಲ್ಲ. ಕಲ್ಪಿತ ಪ್ರಾಣಿ ಹಿಡಿಸಿದರೆ ಪೆನ್ಸಿಲ್ ಹಿಡಿಯುವ ಮೊದಲು ಸೃಷ್ಟಿಕರ್ತರ ನಿಯಮ ಓದಿ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಯಾರೋ ಹೇಳಿದ್ದನ್ನು ನಂಬಬೇಡಿ.

## ಹಂತ 3: ಆ ಪ್ರಾಣಿಯನ್ನು ನೋಡುವುದು

ಹೆಚ್ಚಿನವರು ಹಾರಿಸುವ ಹಂತ ಇದು. ಕನಿಷ್ಠ ಹದಿನೈದು ಫೋಟೊ ಕೂಡಿಸಿ: ಮುಖದ ಮುಂಭಾಗ, ಪಕ್ಕ, ಬೆನ್ನು, ಹೊಟ್ಟೆ, ಬಾಲ, ಪಾದ, ಬಾಯಿ ತೆರೆದದ್ದು. ಬೇರೆಯವರ ಕಾರ್ಟೂನ್ ಚಿತ್ರಗಳನ್ನು ಈ ಕಂತೆಗೆ ಸೇರಿಸಬೇಡಿ. ಕಾರ್ಟೂನ್ ನೋಡಿ ನರಿ ಬಿಡಿಸಿದರೆ ಬೇರೊಬ್ಬರು ಮಾಡಿದ ಸರಳೀಕರಣವೇ ನಿಮ್ಮ ಕೈಗೂ ಬಂದುಬಿಡುತ್ತದೆ.

ಫೋಟೊ ಹುಡುಕುವಾಗ ಜಾತಿ ತಪ್ಪಬಾರದು. ಬರೀ ‘ನರಿ’ ಎಂದು ಹುಡುಕಿದರೆ ಮೂರು ಬೇರೆ ಪ್ರಾಣಿಗಳ ಫೋಟೊ ಕಲಸಿಕೊಂಡು ಬರುತ್ತವೆ. ಕೆಂಪು ನರಿಯ ಬಾಲದ ತುದಿ ಬಿಳಿ, ಬಯಲುಸೀಮೆಯ ಗುಳ್ಳೆನರಿಯದು ಕಪ್ಪು. ಇವೆರಡನ್ನೂ ಬೆರೆಸಿದ ನರಿಗಳು ಕಡಿಮೆಯೇನಿಲ್ಲ.

ಸೀಳುನಾಯಿಯನ್ನು ನೋಡಿದರೆ ಸಿಗುವ ಪಟ್ಟಿ ಇದು: ತುಕ್ಕುಗೆಂಪು ಮೈ, ಗಂಟಲು, ಎದೆ, ಹೊಟ್ಟೆ, ಕಾಲಿನ ಒಳಬದಿ ಬಿಳಿಚು, ಪೊದೆಯಂಥ ಕಪ್ಪು ಬಾಲ, ತುದಿ ದುಂಡಗಿರುವ ದೊಡ್ಡ ಕಿವಿ, ತೋಳಕ್ಕಿಂತ ಮೋಟು ಮೂತಿ, ಕಂದುಹಳದಿ ಕಣ್ಣು. ಗುಂಪಿನಲ್ಲಿ ಬೇಟೆಯಾಡುತ್ತದೆ, ಸಿಳ್ಳೆಯಂಥ ಕೂಗಿನಿಂದ ಜೊತೆಗಾರರನ್ನು ಕರೆಯುತ್ತದೆ. ಹುಟ್ಟಿದ ಮರಿ ಕೆಂಪಗಿರುವುದಿಲ್ಲ, ಮಸಿಗಂದು.

ಈಗ ಪಟ್ಟಿಯಲ್ಲಿ ಮೂರಕ್ಕೆ ಅಡಿಗೆರೆ ಎಳೆಯಿರಿ. ಏನೇ ಬದಲಾಯಿಸಿದರೂ ಇವನ್ನು ಮುಟ್ಟುವುದಿಲ್ಲ ಎಂಬ ಮೂರು. ಇಲ್ಲಿ ದುಂಡು ಕಿವಿ, ಮೋಟು ಮೂತಿ, ಕಪ್ಪು ಪೊದೆಬಾಲ. ಕಿವಿ ಚೂಪಾದರೆ ಕೆಂಪು ಬಣ್ಣದಿಂದಾಗಿ ಎಲ್ಲರೂ ನರಿ ಎಂದೇ ತಿಳಿಯುತ್ತಾರೆ. ಸೀಳುನಾಯಿ ಬಿಡಿಸುವವರಿಗೆ ಅತಿ ಹೆಚ್ಚು ಆಗುವ ಅನಾಹುತ ಇದೇ. ನೀಲಿ ಬಣ್ಣದ ಸೀಳುನಾಯಿ ಬೇಕೆಂದರೂ ಮಾಡಬಹುದು, ಈ ಮೂರು ಗುರುತು ಉಳಿದಿರಬೇಕು, ಅಷ್ಟೆ.

## ಹಂತ 4: ಮೈಕಟ್ಟು ಮತ್ತು ನೆರಳುರೂಪ

ಮೊದಲು ಎತ್ತರದ ಅಳತೆ. ತಲೆಯ ಉದ್ದವನ್ನು ಒಂದು ಅಳತೆಯಾಗಿ ಹಿಡಿದು, ಒಟ್ಟು ಎತ್ತರ ಅದರ ಎಷ್ಟು ಪಟ್ಟು ಎಂದು ನಿರ್ಧರಿಸಿ. ನಾಲ್ಕರಿಂದ ಐದು ತಲೆ ಎಂದರೆ ಕಾರ್ಟೂನ್ ಧಾಟಿ, ಏಳರ ಹತ್ತಿರ ಹೋದರೆ ಮನುಷ್ಯನ ಮೈಕಟ್ಟು. ಮೊದಲ ಪಾತ್ರಕ್ಕೆ ಐದು ಹಿಡಿಯಿರಿ, ತಲೆ ದೊಡ್ಡದಿದ್ದಷ್ಟು ಮುಖಭಾವ ಬಿಡಿಸುವುದು ಸುಲಭ. ಹಾಳೆಯ ಮೇಲೆ ಸಮ ಅಂತರದಲ್ಲಿ ಆರು ಅಡ್ಡಗೆರೆ ಎಳೆದರೆ ಐದು ಮನೆ ಸಿಗುತ್ತವೆ. ಈ ಗೆರೆಗಳನ್ನು ಅಳಿಸಬೇಡಿ, ಮುಂದೆ ಎರಡು ಸಲ ಕೆಲಸಕ್ಕೆ ಬರುತ್ತವೆ.

ಎರಡನೆಯದು ಕಾಲು. ಎರಡು ಬಗೆ ಇವೆ. ಮನುಷ್ಯ, ಕರಡಿಗಳ ಹಾಗೆ ಅಂಗಾಲು ಪೂರ್ತಿ ಊರುವುದು ಒಂದು, ನಾಯಿ, ಬೆಕ್ಕುಗಳ ಹಾಗೆ ಬೆರಳ ಮೇಲೆ ನಿಲ್ಲುವುದು ಇನ್ನೊಂದು. ಎರಡನೆಯದನ್ನು ಬಿಡಿಸುವಾಗ ‘ಮೊಣಕಾಲು ಹಿಂದಕ್ಕೆ ಮಡಚಿದೆ’ ಎಂದುಕೊಂಡು ಕಾಲನ್ನು ತಿರುಗಿಸುತ್ತಾರೆ. ಹಿಂದಕ್ಕೆ ಚಾಚಿದ ಆ ಗಂಟು ಹಿಮ್ಮಡಿ, ಮೊಣಕಾಲು ಅದಕ್ಕೂ ಮೇಲೆ, ಮುಂದಕ್ಕೇ ಇದೆ. ತೊಡೆಯ ಓಟವೂ ಹಿಮ್ಮಡಿಯಿಂದ ಬೆರಳಿನವರೆಗಿನ ಓಟವೂ ಹೆಚ್ಚುಕಡಿಮೆ ಸಮಾನಾಂತರ ಎಂದು ಹಿಡಿದರೆ ಕಾಲು ತಪ್ಪುವುದಿಲ್ಲ. ಗೊಂದಲ ಉಳಿದರೆ ಅಂಗಾಲು ಊರುವ ಬಗೆಯನ್ನೇ ಆರಿಸಿ, ಯಾರೂ ಆಕ್ಷೇಪಿಸುವುದಿಲ್ಲ.

ಬಾಲ ಬೆನ್ನುಮೂಳೆಯ ಮುಂದುವರಿಕೆ. ಸೊಂಟದ ಕೆಳಗೆ, ಪೃಷ್ಠದ ಮೇಲಂಚಿನಲ್ಲಿ ಹೊರಡಬೇಕು. ಬೆನ್ನಿನ ನಡುವೆ ಅಂಟಿಸಿದಂತಿದ್ದರೆ ಪಕ್ಕನೋಟದಲ್ಲಿ ಬಯಲಾಗುತ್ತದೆ. ಕೈಬೆರಳು ನಾಲ್ಕೋ ಐದೋ, ಈಗಲೇ ಹೇಳಿಬಿಡಿ. ಎರಡೂ ಸರಿ, ಚಿತ್ರದಿಂದ ಚಿತ್ರಕ್ಕೆ ಬದಲಾಗುವುದು ಸರಿಯಲ್ಲ. ತಲೆಗೂದಲು ಬೇಕೇ, ಮೈತುಪ್ಪಳವೇ ಸಾಕೇ ಎಂಬುದನ್ನೂ ಇಲ್ಲೇ ತೀರ್ಮಾನಿಸಿ.

ಈಗ ಪರೀಕ್ಷೆ. ಪಾತ್ರದ ಹೊರಗೆರೆಯೊಳಗೆಲ್ಲ ಕಪ್ಪು ತುಂಬಿ. ಕಣ್ಣು, ಮೂಗು, ಬಣ್ಣ ಏನೂ ಇಲ್ಲದ ಆ ಕರಿಯ ಆಕಾರವನ್ನು ಗೆಳೆಯರಿಗೆ ತೋರಿಸಿ ಯಾವ ಪ್ರಾಣಿ ಎಂದು ಕೇಳಿ. ಸೀಳುನಾಯಿ ಎಂದು ಹೇಳಬೇಕಾಗಿಲ್ಲ, ‘ಯಾವುದೋ ಬಗೆಯ ನಾಯಿ’ ಎಂದರೂ ಪಾಸು. ‘ಬೆಕ್ಕಾ?’ ಎಂದರೆ ಮೂತಿ ಅಥವಾ ಕಿವಿ ಕೆಟ್ಟಿದೆ. ಇಲ್ಲಿ ಸೋತ ಆಕಾರವನ್ನು ಬಣ್ಣ ಉಳಿಸುವುದಿಲ್ಲ, ಹಿಂದಕ್ಕೆ ಹೋಗಿ ತಿದ್ದಿ.

## ಹಂತ 5: ಮಾರ್ಕಿಂಗ್

ಪಟ್ಟೆ, ಚುಕ್ಕೆ, ಮುಖವಾಡ, ಕಾಲುಚೀಲ, ಬೆನ್ನುಗೆರೆ, ಬಾಲತುದಿ ಎಲ್ಲಕ್ಕೂ ಸೇರಿ ಮಾರ್ಕಿಂಗ್ ಎನ್ನುತ್ತಾರೆ. ಈ ಹಂತದಲ್ಲಿ ಬರೀ ಪೆನ್ಸಿಲ್. ಬಿಳಿ, ಬೂದು, ಕಪ್ಪು ಮೂರೇ ಛಾಯೆ.

1. ಪ್ರಾಣಿಗೆ ಹುಟ್ಟಿನಿಂದ ಬಂದ ಮಾರ್ಕಿಂಗನ್ನು ಮೊದಲು ಹಾಕಿ. ಸೀಳುನಾಯಿಗೆ ತಿಳಿ ಹೊಟ್ಟೆ, ಕಪ್ಪು ಬಾಲ.

2. ಅದಕ್ಕೆ ನಿಮ್ಮದೇ ಆದ ಒಂದನ್ನು ಸೇರಿಸಿ. ಒಂದೇ. ನಮ್ಮ ಉದಾಹರಣೆಯಲ್ಲಿ ಎರಡೂ ಮುಂಗೈಗೆ ಮೊಣಕೈವರೆಗೆ ಕೈಗವಸು ತೊಟ್ಟಂತೆ ಕಪ್ಪು ಹಾಕಿದ್ದೇವೆ. ಬಾಲದ ಕಪ್ಪಿಗೆ ಜೊತೆಯಾಗುತ್ತದೆ, ದೂರದಿಂದಲೂ ಕಾಣುತ್ತದೆ.

3. ಮುಖಕ್ಕೆ ಇನ್ನೊಂದು ಸಣ್ಣ ಗುರುತು, ಬೇಕಿದ್ದರೆ ಮಾತ್ರ. ಬಲಗಣ್ಣಿನ ಕೆಳಗೊಂದು ತಿಳಿ ಮಚ್ಚೆ, ಅಷ್ಟು.

ಒಂದೇ ಬದಿಗೆ ಮಾರ್ಕಿಂಗ್ ಇದ್ದರೆ ಎಡ–ಬಲ ಅದಲುಬದಲಾಗುವುದು ಖಚಿತ. ಎಡ, ಬಲ ಎಂದರೆ ಯಾವಾಗಲೂ ಪಾತ್ರದ ಎಡ, ಪಾತ್ರದ ಬಲ. ನೋಡುವವರದಲ್ಲ. ಆ್ಯಪ್‌ನಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ತಪ್ಪು ನೋಡುವ ಅಭ್ಯಾಸ ಒಳ್ಳೆಯದು, ಆದರೆ ತಿರುಗಿಸಿದ್ದನ್ನು ಮರೆತು ಉಳಿಸಿದರೆ ಮಚ್ಚೆ ಇನ್ನೊಂದು ಕಣ್ಣಿಗೆ ಹೋಗಿರುತ್ತದೆ.

ಇನ್ನೊಂದು ತಪ್ಪು ಮುಂದು–ಹಿಂದು ಸೇರದಿರುವುದು. ಮುಂಭಾಗದಲ್ಲಿ ಹೊಟ್ಟೆಯ ಬಿಳುಪು ಸೊಂಟದ ಬಳಿ ಅಂಚಿಗೆ ಮುಟ್ಟುತ್ತದೆ, ಹಿಂಭಾಗದ ಚಿತ್ರದಲ್ಲಿ ಅದೇ ಎತ್ತರದಲ್ಲಿ ಏನೂ ಇಲ್ಲ. ಹಾಗಾದರೆ ಆ ಬಿಳುಪು ಎಲ್ಲಿ ಮುಗಿಯಿತು? ಹಿಂದೆ ಎಳೆದ ಆರು ಅಡ್ಡಗೆರೆ ಈಗ ಬೇಕು. ಮುಂದು, ಪಕ್ಕ, ಹಿಂದು ಮೂರನ್ನೂ ಒಂದೇ ಗೆರೆಗಳ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಅಂಚಿಗೆ ಮುಟ್ಟುವ ಪ್ರತಿ ಮಾರ್ಕಿಂಗ್ ಮುಂದಿನ ನೋಟದಲ್ಲಿ ಅದೇ ಎತ್ತರದಿಂದ ಹೊರಡುತ್ತದೆಯೇ ನೋಡಿ. ತೋಳಿನ ಒಳಬದಿ, ಕತ್ತಿನ ಹಿಂಭಾಗ, ಬಾಲದ ಅಡಿ ಈ ಮೂರೂ ಸದಾ ಮರೆತುಹೋಗುವ ಜಾಗಗಳು.

ಅಪಾಯದ ಸೂಚನೆ: ನಿಮ್ಮ ಪಾತ್ರವನ್ನು ಫೋನಿನಲ್ಲಿ ಮೂರು ವಾಕ್ಯದಲ್ಲಿ ವರ್ಣಿಸಲು ಆಗದಿದ್ದರೆ ಮಾರ್ಕಿಂಗ್ ಹೆಚ್ಚಾಗಿದೆ. ನಮ್ಮದಕ್ಕೆ ಎರಡೇ ವಾಕ್ಯ ಸಾಕು: ‘ಕೆಂಪು ಸೀಳುನಾಯಿ, ತಿಳಿ ಹೊಟ್ಟೆ, ಕಪ್ಪು ಬಾಲ. ಎರಡೂ ಕೈ ಮೊಣಕೈವರೆಗೆ ಕಪ್ಪು, ಬಲಗಣ್ಣಿನ ಕೆಳಗೆ ತಿಳಿ ಮಚ್ಚೆ.’

## ಹಂತ 6: ಈಗ ಬಣ್ಣ

ಕೆಲಸ ಶುರುಮಾಡುವ ಮುಂಚೆ ಮೊಬೈಲಿನ ನೈಟ್ ಲೈಟ್, ಐ ಕಂಫರ್ಟ್ ಮುಂತಾದವನ್ನು ಆಫ್ ಮಾಡಿ. ಅವು ಪರದೆಯನ್ನು ಹಳದಿಯಾಗಿಸುತ್ತವೆ. ರಾತ್ರಿ ಆರಿಸಿದ ಕೆನೆಬಣ್ಣ ಬೆಳಿಗ್ಗೆ ನೀಲಿ ಕಾಣುವುದಕ್ಕೆ ಕಾರಣ ಇದೇ.

ಮೈಗೆ ಮೂರು ಬಣ್ಣ, ಕಣ್ಣಿಗೆ ಒಂದು, ಮೂಗು–ಅಂಗಾಲಿನ ಮೆತ್ತೆಗೆ ಒಂದು. ಒಟ್ಟು ಐದು. ಮೊದಲ ಪಾತ್ರಕ್ಕೆ ಇದಕ್ಕಿಂತ ಮೇಲೆ ಹೋಗಬೇಡಿ. ಮೂರರಲ್ಲಿ ಒಂದು ಮೈಯ ಅರ್ಧಕ್ಕಿಂತ ಹೆಚ್ಚು ಆವರಿಸಬೇಕು. ಮೂರೂ ಸಮಸಮ ಇದ್ದರೆ ಯಾವುದೂ ಅದರ ಬಣ್ಣ ಅನ್ನಿಸುವುದಿಲ್ಲ. ಎದ್ದು ಕಾಣುವ ಬಣ್ಣವೊಂದು ಬೇಕೆಂದಿದ್ದರೆ ಅದು ಒಗ್ಗರಣೆಯಷ್ಟೇ ಇರಲಿ, ಕಣ್ಣಿಗೋ ಕೊರಳಪಟ್ಟಿಗೋ.

ನಮ್ಮ ಸೀಳುನಾಯಿಯ ಬಣ್ಣಗಳು, ಆರ್‌ಜಿಬಿ ಅಂಕಿಯಲ್ಲಿ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು 0ಯಿಂದ 255ರೊಳಗೆ ಹೇಳುವ ಮೂರು ಅಂಕಿ):

- ಮೈ, ತುಕ್ಕುಗೆಂಪು: 178, 84, 40
- ಹೊಟ್ಟೆ, ಗಂಟಲು, ಮಚ್ಚೆ, ಕೆನೆ: 240, 226, 204
- ಬಾಲ, ಕೈ, ಬೆಚ್ಚನೆ ಕಪ್ಪು: 46, 36, 34
- ಕಣ್ಣು, ಜೇನುಹಳದಿ: 214, 150, 40
- ಮೂಗು ಮತ್ತು ಅಂಗಾಲಿನ ಮೆತ್ತೆ: 74, 52, 50

ಬಿಳಿಗೆ 255, 255, 255 ಮತ್ತು ಕಪ್ಪಿಗೆ 0, 0, 0 ಬಳಸಿಲ್ಲ ಎಂಬುದನ್ನು ಗಮನಿಸಿ. ಅಪ್ಪಟ ಬಿಳಿಯ ಮೇಲೆ ಬೆಳಕು ತೋರಿಸಲು ಜಾಗವಿಲ್ಲ, ಅಪ್ಪಟ ಕಪ್ಪಿನ ಮೇಲೆ ನೆರಳೂ ಕಾಣುವುದಿಲ್ಲ, ಹೊರಗೆರೆಯೂ ಕಾಣುವುದಿಲ್ಲ. ಕಪ್ಪು ಬಾಲ ಕಪ್ಪು ಗೆರೆಯೊಳಗೆ ಸೇರಿ ಮಸಿಯ ಉಂಡೆಯಾಗುತ್ತದೆ.

ಮುಖ್ಯ ಪರೀಕ್ಷೆ ಬೂದುಬಣ್ಣದ್ದು. ಎಲ್ಲದರ ಮೇಲೊಂದು ಹೊಸ ಲೇಯರ್ (ಪದರ) ಹಾಕಿ, ಪೂರ್ತಿ ಕಪ್ಪು ತುಂಬಿ, ಬ್ಲೆಂಡಿಂಗ್ ಮೋಡನ್ನು (ಆ ಪದರ ಕೆಳಗಿನದರ ಜೊತೆ ಬೆರೆಯುವ ಬಗೆ) ಸ್ಯಾಚುರೇಶನ್‌ಗೆ ಬದಲಾಯಿಸಿ. ಕೆಳಗಿನ ಚಿತ್ರ ಬೂದಾಗಿ ಕಾಣುತ್ತದೆ. 0ಯಿಂದ 255ರ ಅಳತೆಯಲ್ಲಿ ನಮ್ಮ ಕೆನೆ ಸುಮಾರು 228, ತುಕ್ಕುಗೆಂಪು 107, ಕಪ್ಪು 39 ಆಗುತ್ತದೆ. ಮೂರೂ ದೂರ ದೂರ, ಆದ್ದರಿಂದ ಬಣ್ಣ ಕಿತ್ತರೂ ಮಾರ್ಕಿಂಗ್ ಓದಲು ಬರುತ್ತದೆ. ಈಗ ಅದೇ ತುಕ್ಕುಗೆಂಪಿನ ಮೇಲೆ 60, 140, 60ರ ಹಸಿರು ಪಟ್ಟೆ ಹಾಕಿ ನೋಡಿ. ಬಣ್ಣದಲ್ಲಿ ಎಷ್ಟು ಬೇರೆ ಎನ್ನಿಸುತ್ತದೋ ಬೂದಿನಲ್ಲಿ ಅಷ್ಟೇ ಒಂದಾಗುತ್ತದೆ, ಅದೂ 107ರ ಆಸುಪಾಸಿನಲ್ಲೇ. ಅಂಥ ಪಟ್ಟೆ ಮಂದ ಬೆಳಕಿನ ಚಿತ್ರದಲ್ಲಿ ಮಾಯವಾಗುತ್ತದೆ. ಕೆಂಪು–ಹಸಿರು ಬಣ್ಣಗುರುಡು ಇರುವವರಿಗಂತೂ ಕಾಣುವುದೇ ಕಷ್ಟ. ಪಕ್ಕಪಕ್ಕದ ಎರಡು ಬಣ್ಣಗಳ ನಡುವೆ ಕನಿಷ್ಠ 40ರಷ್ಟು ಅಂತರವಿರಲಿ. ಇದು ನಿಯಮವಲ್ಲ, ಕೈಯಂದಾಜು. ಆದರೆ ಮೋಸ ಮಾಡುವುದಿಲ್ಲ.

ನಿಯಾನ್ ಹಸಿರು, ನಿಯಾನ್ ಗುಲಾಬಿ ಬೇಕೇ ಬೇಕೆನ್ನುವವರಿಗೆ ಒಂದು ಮಾತು. ಪರದೆಯ ಮೇಲೆ ಹೊಳೆಯುವ ಆ ಬಣ್ಣ ಮಾಮೂಲಿ ಮುದ್ರಣದಲ್ಲಿ ಬರುವುದಿಲ್ಲ. ಸ್ಟಿಕರ್, ಬ್ಯಾಡ್ಜ್ ಮಾಡಿಸಿದಾಗ ಮಂಕಾಗಿ ಬಂದರೆ ಪ್ರೆಸ್ಸಿನವರನ್ನು ಬೈಯಬೇಡಿ.

ಕೊನೆಗೆ ಚಿತ್ರವನ್ನು ನೂರು ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ನೋಡಿ. ಪ್ರೊಫೈಲ್ ಚಿತ್ರ ಕಾಣುವುದು ಅಷ್ಟೇ ಗಾತ್ರಕ್ಕೆ. ಕಣ್ಣಿನ ಕೆಳಗಿನ ಮಚ್ಚೆ ಅಲ್ಲಿ ಕಾಣದಿದ್ದರೆ ದೊಡ್ಡದು ಮಾಡಿ, ಇಲ್ಲವೇ ತೆಗೆದುಬಿಡಿ.

## ಹಂತ 7: ಹೆಸರು, ಸ್ವಭಾವ, ತೊಡುಗೆ

ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಹೆಸರು ಎರಡು ಮೂರು ಅಕ್ಷರದ್ದಿದ್ದರೆ ಕರೆಯಲು ಸುಲಭ. ಕೆಂಪು ಮೈಗೆ ‘ಕೆಂಚ’ ಎಂದಿಟ್ಟರೆ ಹಳ್ಳಿಯ ನಾಯಿಯ ಹೆಸರಿನ ಸಲಿಗೆಯೂ ಸಿಗುತ್ತದೆ. ಹೊರದೇಶದ ಕಲಾವಿದರ ಜೊತೆ ವ್ಯವಹರಿಸುವುದಿದ್ದರೆ ಇಂಗ್ಲಿಷ್ ಲಿಪಿಯಲ್ಲಿ ಬರೆದು ನೋಡಿ. ಳ, ಣ ಇರುವ ಹೆಸರುಗಳು ಅಲ್ಲಿ ಲ, ನ ಆಗಿ ಓದಿಸಿಕೊಳ್ಳುತ್ತವೆ. ಪರವಾಗಿಲ್ಲ ಅನ್ನಿಸಿದರೆ ಇಟ್ಟುಕೊಳ್ಳಿ. ಹೆಸರನ್ನೂ ಪ್ರಾಣಿಯನ್ನೂ ಜೊತೆಗೆ ಹಾಕಿ ಒಮ್ಮೆ ಹುಡುಕುವುದು ಒಳ್ಳೆಯದು. ಅದೇ ಹೆಸರಿನ ಅದೇ ಪ್ರಾಣಿ ಮೊದಲೇ ಪ್ರಸಿದ್ಧವಾಗಿದ್ದರೆ ನಕಲು ಎನ್ನಿಸಿಕೊಳ್ಳುತ್ತೀರಿ.

ಸ್ವಭಾವಕ್ಕೆ ಮೂರು ಸಾಲು: ಸುಮ್ಮನಿದ್ದಾಗ ಹೇಗೆ ನಿಲ್ಲುತ್ತದೆ, ಸಿಟ್ಟು ಬಂದಾಗ ಏನು ಮಾಡುತ್ತದೆ, ಹೊಸಬರನ್ನು ಕಂಡರೆ ಹೇಗೆ. ‘ದಯಾಳು, ಧೈರ್ಯಶಾಲಿ, ತಮಾಷೆಯ’ ಎಂಬ ವಿಶೇಷಣಗಳಿಂದ ಯಾರೂ ಚಿತ್ರ ಬಿಡಿಸಲಾರರು. ‘ಬೇಸರವಾದಾಗ ಕಿವಿ ಪಕ್ಕಕ್ಕೆ ಇಳಿಬಿಟ್ಟು ಸಿಳ್ಳೆ ಹಾಕುತ್ತಾನೆ’ ಎಂದರೆ ಬಿಡಿಸಬಲ್ಲರು. ನಿಮ್ಮಂತೆಯೇ ಇರಬೇಕೆಂದೇನಿಲ್ಲ. ನಾಚಿಕೆಯವರು ಮಾತುಗಾರ ಪ್ರಾಣಿಯನ್ನು ಮಾಡಿಕೊಳ್ಳುವುದು ಈ ಹವ್ಯಾಸದಲ್ಲಿ ಮಾಮೂಲು.

ತೊಡುಗೆ ಒಂದು ಅಥವಾ ಎರಡು. ತೊಡುಗೆ ತೆಗೆದರೂ ಪಾತ್ರ ಗುರುತು ಸಿಗಬೇಕು. ಸಿಗದಿದ್ದರೆ ನೀವು ರೂಪಿಸಿರುವುದು ಜಾಕೆಟ್ಟನ್ನು.

## ಹಂತ 8: ರೆಫರೆನ್ಸ್ ಶೀಟ್

ಇಷ್ಟು ಹೊತ್ತಿನ ತೀರ್ಮಾನಗಳೆಲ್ಲ ಒಂದೇ ಹಾಳೆಯಲ್ಲಿ ಕೂರುವುದು ಇಲ್ಲಿ. ಇದನ್ನು ‘ರೆಫ್’ ಎಂದು ಕರೆಯುತ್ತಾರೆ. ಕ್ಯಾನ್ವಾಸ್ 4000 × 2500 ಪಿಕ್ಸೆಲ್ ಇರಲಿ. ಮೊಬೈಲು ಒದ್ದಾಡಿದರೆ, ಅಂದರೆ ಲೇಯರ್‌ಗಳ ಸಂಖ್ಯೆಗೆ ಮಿತಿ ಬಿದ್ದರೆ, 3000 × 1900ಕ್ಕೆ ಇಳಿಸಿ. ಹಿನ್ನೆಲೆ ತಿಳಿಬೂದು. ಬಿಳಿ ಹಿನ್ನೆಲೆಯಲ್ಲಿ ಕೆನೆ ಹೊಟ್ಟೆ, ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಬಾಲ ಕರಗುತ್ತವೆ.

1. ಮುಂಭಾಗ ಮತ್ತು ಹಿಂಭಾಗದ ಪೂರ್ತಿ ಚಿತ್ರ, ಅದೇ ಅಡ್ಡಗೆರೆಗಳ ಮೇಲೆ, ಕೈಗಳು ಮೈಯಿಂದ ಸ್ವಲ್ಪ ದೂರ. ವೀರಾವೇಶದ ಭಂಗಿ ಇಲ್ಲಿ ಬೇಡ, ಎದೆಗೆ ಕಟ್ಟಿದ ಕೈ ಹೊಟ್ಟೆಯ ಮಾರ್ಕಿಂಗನ್ನೇ ಮುಚ್ಚುತ್ತದೆ. ಬಾಲ ಪಕ್ಕಕ್ಕೆ ಬಾಗಿರಲಿ, ಹಿಂಭಾಗ ಕಾಣುವಂತೆ.

2. ಪಕ್ಕದಿಂದ ತಲೆ. ಮೂತಿಯ ಉದ್ದ ತಿಳಿಯುವುದು ಇದೊಂದರಿಂದಲೇ. ಮುಂಭಾಗದಿಂದ ನೋಡಿ ಯಾವ ಕಲಾವಿದರೂ ಮೂತಿ ಅಳೆಯಲಾರರು, ಊಹಿಸುತ್ತಾರೆ. ಊಹೆ ತೋಳದ ಕಡೆಗೇ ವಾಲುತ್ತದೆ.

3. ಸಣ್ಣ ಚೌಕಗಳಲ್ಲಿ ಅಂಗೈ, ಅಂಗಾಲು, ಬಾಯಿಯ ಒಳಗು, ಕಣ್ಣಿನ ದೊಡ್ಡ ಚಿತ್ರ, ಬಾಲದ ಅಡಿಭಾಗ. ನಾಲಿಗೆಯ ಬಣ್ಣ ಹೇಳದಿದ್ದರೆ ಗುಲಾಬಿ ಎಂದೇ ತಿಳಿಯುತ್ತಾರೆ.

4. ಬಣ್ಣದ ಚೌಕಗಳು, ಪ್ರತಿಯೊಂದರ ಕೆಳಗೆ ಅಂಕಿ. ಆ್ಯಪ್‌ನಲ್ಲಿ ಸಿಗುವ ಆರು ಅಂಕಿ–ಅಕ್ಷರಗಳ ಹೆಕ್ಸ್ ಕೋಡ್ ಬರೆದರೂ ಸರಿ. ಚೌಕಗಳನ್ನು ಮೈಗೆ ತಾಗದಂತೆ ದೂರವಿಡಿ.

5. ನಾಲ್ಕೈದು ಪದಗಳ ಟಿಪ್ಪಣಿಗಳು: ‘ಕಿವಿ ದುಂಡು, ಚೂಪಲ್ಲ’, ‘ಮಚ್ಚೆ ಪಾತ್ರದ ಬಲಕ್ಕೆ’, ‘ಬೆರಳು ನಾಲ್ಕು’, ‘ಎತ್ತರ 5 ಅಡಿ 6 ಇಂಚು’.

ನೆರಳು, ಬೆಳಕು, ಹೊಳಪು ಏನೂ ಬೇಡ, ಬರೀ ಚಪ್ಪಟೆ ಬಣ್ಣ. ಹೊಸಬರು ಇಲ್ಲಿ ಸೋಲುವುದು ಚಂದ ಮಾಡುವ ಆಸೆಯಿಂದ. ನೆರಳು ಹಾಕಿದ ಮೈಯಿಂದ ಬಣ್ಣ ಹೆಕ್ಕಿದವರಿಗೆ ಒಂದೇ ಕೆಂಪಿನ ಹತ್ತು ರೂಪ ಸಿಗುತ್ತದೆ. ಅವರು ಯಾವುದನ್ನು ಹಿಡಿದರೋ ಅದೇ ನಿಮ್ಮ ಪಾತ್ರದ ಬಣ್ಣವಾಗುತ್ತದೆ.

ಫೈಲನ್ನು ಪಿಎನ್‌ಜಿಯಾಗಿ ಉಳಿಸಿ. ಜೆಪೆಗ್ ಗಾತ್ರ ಕುಗ್ಗಿಸಲು ಬಣ್ಣದ ಅಂಚುಗಳನ್ನು ಕಲಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದದ್ದು ಕುಗ್ಗಿ, ಬಣ್ಣದ ಅಂಕಿ ಬದಲಾಗಿಯೇ ತಲುಪುತ್ತದೆ.

ಶೀಟಿನ ಮೇಲೆ ನಿಜವಾದ ಹೆಸರು, ಊರು, ಕಾಲೇಜು, ಫೋನ್ ನಂಬರ್ ಬೇಡ. ಈ ಹಾಳೆ ನಿಮ್ಮ ಕೈಬಿಟ್ಟು ಎಲ್ಲೆಲ್ಲಿಗೋ ಹೋಗುತ್ತದೆ. ಹದಿನೆಂಟು ತುಂಬದವರು ದುಡ್ಡಿನ ವ್ಯವಹಾರವನ್ನು ಮನೆಯವರ ಮೂಲಕವೇ ಮಾಡಬೇಕು. ಗುರುತಿಲ್ಲದವರು ಖಾಸಗಿ ಚಾಟ್‌ಗೆ ಎಳೆದರೆ ಮಾತು ಮುಂದುವರಿಸದೆ ಬ್ಲಾಕ್ ಮಾಡಿ.

## ಹಂತ 9: ಬೇರೆಯವರ ಕೈಯಲ್ಲಿ ಪರೀಕ್ಷೆ

ಶೀಟನ್ನು ಚಿತ್ರ ಬಿಡಿಸುವ ಯಾರಿಗಾದರೂ ಕೊಡಿ, ಬಾಯಿಮಾತಿನ ವಿವರಣೆ ಕೊಡಬೇಡಿ. ಅವರು ಕೇಳುವ ಒಂದೊಂದು ಪ್ರಶ್ನೆಯೂ ಹಾಳೆಯಲ್ಲಿ ಬಿಟ್ಟುಹೋದ ಒಂದೊಂದು ವಿವರ. ‘ಹಲ್ಲು ಕಾಣುತ್ತಾ?’ ಎಂದರೆ ಬಾಯಿಯ ಚೌಕ ಸರಿಯಿಲ್ಲ. ‘ಇದು ನೆರಳಾ, ಪಟ್ಟೆಯಾ?’ ಎಂದರೆ ಬಣ್ಣ ಚಪ್ಪಟೆಯಾಗಿಲ್ಲ. ಇಬ್ಬರು ಬೇರೆ ಬೇರೆಯಾಗಿ ಒಂದೇ ತಪ್ಪು ಮಾಡಿದರೆ ತಪ್ಪು ಅವರದಲ್ಲ, ಹಾಳೆಯದು.

ದುಡ್ಡು ಕೊಟ್ಟು ಬಿಡಿಸುವುದಕ್ಕೆ ಕಮಿಷನ್ ಎನ್ನುತ್ತಾರೆ. ಮುಂಗಡ ಕೊಡುವ ಮೊದಲು ನಾಲ್ಕು ವಿಷಯ ಬರಹದಲ್ಲಿ ಕೇಳಿ: ಬೆಲೆ ಎಷ್ಟು, ಎಷ್ಟು ಸಲ ತಿದ್ದಿಕೊಡುತ್ತಾರೆ, ಯಾವ ಫೈಲ್ ಕೊಡುತ್ತಾರೆ, ನೀವು ಅದನ್ನು ಸ್ಟಿಕರ್ ಮಾಡಿ ಮಾರಬಹುದೇ. ಸುಮ್ಮನೆ ಬಿಟ್ಟರೆ ಕೊನೆಯದಕ್ಕೆ ಉತ್ತರ ಬಹುಪಾಲು ‘ಇಲ್ಲ’ ಎಂದೇ ಇರುತ್ತದೆ. ಕಲಾವಿದರು ಮೊದಲು ಕಳಿಸುವ ಪೆನ್ಸಿಲ್ ನಕಾಶೆಯನ್ನು ಶೀಟಿನ ಪಕ್ಕದಲ್ಲಿಟ್ಟು ಒಂದೊಂದೇ ಗುರುತು ತಾಳೆ ನೋಡಿ. ಕಿವಿಯ ಆಕಾರ, ಮೂತಿ, ಬೆರಳಿನ ಲೆಕ್ಕವನ್ನು ಅಲ್ಲೇ ಹೇಳಬೇಕು. ಬಣ್ಣ ಮುಗಿದ ಮೇಲೆ ಹೇಳಿದರೆ ಹೆಚ್ಚುವರಿ ದುಡ್ಡು ಕೇಳುತ್ತಾರೆ, ಅದು ನ್ಯಾಯವೂ ಹೌದು. ಹೊರದೇಶದವರಿಗೆ ಕಾರ್ಡಿನಿಂದ ಪಾವತಿಸುವುದಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದಿರಬೇಕು, ಇಲ್ಲದಿದ್ದರೆ ಪಾವತಿ ಹೋಗುವುದಿಲ್ಲ. ಕೆಲಸ ಮುಗಿದ ಕೂಡಲೇ ಮತ್ತೆ ಮುಚ್ಚಿ.

ಬಳಸತೊಡಗಿದ ಮೇಲೆ ಬದಲಾವಣೆಯ ಆಸೆ ಹುಟ್ಟುತ್ತದೆ. ತಕ್ಷಣ ತಿದ್ದಬೇಡಿ, ಬೇಕೆನಿಸಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತ ಹೋಗಿ. ಒಂದೆರಡು ತಿಂಗಳ ಮೇಲೂ ಬೇಕೆನಿಸಿದ್ದನ್ನು ಮಾತ್ರ ಒಟ್ಟಿಗೆ ಬದಲಾಯಿಸಿ. ಶೀಟಿನ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ, ತಿಂಗಳು, ವರ್ಷ ಹಾಕಿ. ಹಳೆಯ ಶೀಟ್ ಎಲ್ಲೆಲ್ಲಿ ಹಾಕಿದ್ದೀರೋ ಅಲ್ಲೆಲ್ಲ ತೆಗೆದು ಹೊಸದನ್ನು ಏರಿಸಿ. ಹಳೆಯದು ಎಲ್ಲೋ ಒಂದು ಕಡೆ ಉಳಿದರೂ ಯಾರಾದರೊಬ್ಬರು ಅದನ್ನೇ ನೋಡಿ ಬಿಡಿಸುತ್ತಾರೆ.